ಗ್ರಾಫಿಕ್ಸ್ ಕಾರ್ಡ್ ಅತಿಯಾಗಿ ಬಿಸಿಯಾಗುತ್ತಿದೆಯೇ? ದೋಷ ಯಾವ ಹಂತದಲ್ಲಿದೆ ಎಂದು ಪತ್ತೆ ಹಚ್ಚುವ ಕ್ರಮ

ಗೇಮ್ ಆಡುವಾಗ ಗ್ರಾಫಿಕ್ಸ್ ಕಾರ್ಡ್ ಬಿಸಿಯಾಗುವುದು ದೋಷವಲ್ಲ. 320 ವಾಟ್ ವಿದ್ಯುತ್ ಸೆಳೆಯುವ ಕಾರ್ಡು ಆ ವಿದ್ಯುತ್ತನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖದ ರೂಪದಲ್ಲೇ ಹೊರಹಾಕುತ್ತದೆ, ಅದನ್ನು ತಪ್ಪಿಸಲು ಯಾವ ಪೇಸ್ಟಿಗೂ ಯಾವ ಫ್ಯಾನಿಗೂ ಸಾಧ್ಯವಿಲ್ಲ. ಹೊರಟ ಶಾಖ ದಾರಿಯಲ್ಲಿ ಎಲ್ಲೋ ತಡೆದು ನಿಂತಾಗ ಮಾತ್ರ ಅದನ್ನು ದೋಷ ಎನ್ನಬೇಕು. ಈ ದಾರಿಯಲ್ಲಿ ನಾಲ್ಕು ಹಂತಗಳಿವೆ: ಚಿಪ್ಪಿನಿಂದ ಥರ್ಮಲ್ ಪೇಸ್ಟಿನ (ಶಾಖವನ್ನು ದಾಟಿಸುವ ಲೇಪ) ಮೂಲಕ ಹೀಟ್‌ಸಿಂಕಿನ (ಶಾಖವನ್ನು ಹೀರಿ ಹರಡುವ ಲೋಹದ ಭಾಗ) ತಳದ ತಟ್ಟೆಗೆ, ತಟ್ಟೆಯಿಂದ ಹೀಟ್‌ಪೈಪುಗಳ (ಒಳಗೆ ದ್ರವವಿರುವ ಲೋಹದ ಕೊಳವೆಗಳು) ಮೂಲಕ ಅಲ್ಯೂಮಿನಿಯಂ ರೆಕ್ಕೆಗಳಿಗೆ, ರೆಕ್ಕೆಗಳಿಂದ ಫ್ಯಾನಿನ ಗಾಳಿಯ ಮೂಲಕ ಕ್ಯಾಬಿನೆಟ್ಟಿನ ಒಳಗಿನ ಗಾಳಿಗೆ, ಕೊನೆಗೆ ಅಲ್ಲಿಂದ ಕೋಣೆಗೆ. ಯಾವ ಹಂತದಲ್ಲಿ ತಡೆಯಾಗಿದೆ ಎಂದು ಗೊತ್ತುಮಾಡಿಕೊಳ್ಳದೆ ಕಾರ್ಡನ್ನು ಬಿಚ್ಚಲು ಹೊರಟರೆ, ಶುಚಿಗೊಳಿಸಬೇಕಾದ ಕ್ಯಾಬಿನೆಟ್ಟಿನ ಧೂಳಿನ ಫಿಲ್ಟರನ್ನು ಬಿಟ್ಟು ಚೆನ್ನಾಗಿದ್ದ ಪೇಸ್ಟನ್ನು ಒರೆಸಿ ಹಾಕಿದಂತಾಗುತ್ತದೆ. ಆದ್ದರಿಂದ ಈ ಬರಹದಲ್ಲಿ ಅಳತೆಗೆ ಮೊದಲ ಸ್ಥಾನ, ಸ್ಕ್ರೂಡ್ರೈವರಿಗೆ ಕೊನೆಯ ಸ್ಥಾನ.

ಇದು ನಿಜವಾಗಿಯೂ ಬಿಸಿಯ ತೊಂದರೆಯೇ?

ಗೇಮ್ ಆರಂಭವಾಗಿ ಹತ್ತು ಹದಿನೈದು ನಿಮಿಷಗಳ ನಂತರ ಸೆಕೆಂಡಿಗೆ ಪರದೆಯ ಮೇಲೆ ಮೂಡುವ ಚಿತ್ರಗಳು, ಅಂದರೆ ಫ್ರೇಮುಗಳು, ಕ್ರಮೇಣ ಇಳಿಯುವುದು, ಫ್ಯಾನುಗಳು ಪೂರ್ಣ ವೇಗದಲ್ಲಿ ಅಬ್ಬರಿಸುವುದು, ಆಟವನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟರೆ ಎಲ್ಲವೂ ಮೊದಲಿನಂತಾಗುವುದು, ಇವು ಬಿಸಿಯ ಲಕ್ಷಣಗಳು. ಆದರೆ ಕಂಪ್ಯೂಟರ್ ಸ್ವಿಚ್ ಆರಿಸಿದಂತೆ ಒಮ್ಮೆಲೇ ಪೂರ್ತಿ ಆಫ್ ಆಗುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಪವರ್ ಸಪ್ಲೈಯನ್ನು. ಕಾರ್ಡು ಕ್ಷಣಮಾತ್ರಕ್ಕೆ ಸೆಳೆಯುವ ಹೆಚ್ಚಿನ ವಿದ್ಯುತ್ತನ್ನು ತಾಳಲಾರದ ಪವರ್ ಸಪ್ಲೈ ತನ್ನನ್ನು ತಾನು ರಕ್ಷಿಸಿಕೊಳ್ಳಲು ಹಾಗೆ ಮಾಡುತ್ತದೆ, ಆಗ ಕಾರ್ಡಿನ ಉಷ್ಣತೆ 65 ಡಿಗ್ರಿಯಲ್ಲಿದ್ದರೂ ಇರಬಹುದು. ಪರದೆ ಕಪ್ಪಾಗಿ ಫ್ಯಾನುಗಳು ಮಾತ್ರ ಪೂರ್ಣ ವೇಗದಲ್ಲಿ ತಿರುಗುತ್ತ ಉಳಿದರೆ ಬಿಸಿಯೂ ಕಾರಣವಾಗಿರಬಹುದು, ಸಡಿಲವಾದ ವಿದ್ಯುತ್ ಕನೆಕ್ಟರೂ ಕಾರಣವಾಗಿರಬಹುದು.

ಅನುಮಾನವನ್ನು ಬಗೆಹರಿಸಲು ಸುಲಭವಾದ ಉಪಾಯವೊಂದಿದೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶದ ಸೆನ್ಸರ್ ಪುಟದಲ್ಲಿ, ಎನ್‌ವಿಡಿಯಾ ಕಾರ್ಡುಗಳಿದ್ದರೆ, ಕಾರ್ಡು ತನ್ನ ವೇಗವನ್ನು ಯಾವ ಕಾರಣಕ್ಕೆ ಮಿತಿಗೊಳಿಸಿಕೊಂಡಿದೆ ಎಂದು ತೋರಿಸುವ ಒಂದು ಸಾಲಿರುತ್ತದೆ. ಅಲ್ಲಿ ವಿದ್ಯುತ್ ಮಿತಿ ಅಥವಾ ವೋಲ್ಟೇಜ್ ಎಂಬ ಕಾರಣ ಕಂಡರೆ ಅದು ಸಹಜ ಸ್ಥಿತಿ, ಆಧುನಿಕ ಕಾರ್ಡುಗಳು ಬಹುಪಾಲು ಸಮಯ ಅಲ್ಲೇ ಇರುತ್ತವೆ. ಥರ್ಮಲ್ ಎಂಬ ಕಾರಣ ಕಾಣಿಸಿಕೊಂಡರೆ ಮಾತ್ರ ಮುಂದಿನ ಹೆಜ್ಜೆಗಳು ಅಗತ್ಯ. ಎಎಂಡಿ ಕಾರ್ಡುಗಳಲ್ಲಿ ಅಡ್ರಿನಲಿನ್ ತಂತ್ರಾಂಶದಲ್ಲಿ ಹಾಟ್‌ಸ್ಪಾಟ್ ಅಥವಾ ಜಂಕ್ಷನ್ ಉಷ್ಣತೆ (ಚಿಪ್ಪಿನಲ್ಲಿ ಅತಿ ಹೆಚ್ಚು ಬಿಸಿಯಾದ ಜಾಗದ ಉಷ್ಣತೆ) 110 ಡಿಗ್ರಿಯನ್ನು ಮುಟ್ಟುತ್ತಿದೆಯೇ ಎಂದು ನೋಡಬೇಕು.

ಮಿತಿಗಳ ಬಗ್ಗೆ ಒಂದು ಮಾತು. ಎನ್‌ವಿಡಿಯಾದ ಆರ್‌ಟಿಎಕ್ಸ್ 3080 ಕಾರ್ಡಿಗೆ ತಯಾರಕರು ಕೊಟ್ಟ ಗರಿಷ್ಠ ಉಷ್ಣತೆ 93 ಡಿಗ್ರಿ, ಆರ್‌ಟಿಎಕ್ಸ್ 4090ಕ್ಕೆ 90. ಹಾಗೆಂದು ಅಲ್ಲಿಯವರೆಗೆ ಏನೂ ಆಗುವುದಿಲ್ಲ ಎಂದಲ್ಲ. ಎನ್‌ವಿಡಿಯಾ ಕಾರ್ಡುಗಳು ಉಷ್ಣತೆ ಏರಿದಂತೆ ಗಡಿಯಾರ ವೇಗವನ್ನು (ಚಿಪ್ಪು ಕೆಲಸ ಮಾಡುವ ವೇಗ) ಸುಮಾರು 15 ಮೆಗಾಹರ್ಟ್ಸಿನ ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿ ಇಳಿಸುತ್ತ ಬರುತ್ತವೆ, ಗರಿಷ್ಠ ಮಿತಿ ಇನ್ನೂ ದೂರವಿರುವಾಗಲೇ ಇದು ಶುರುವಾಗುತ್ತದೆ. ಆದರೂ 75ರಿಂದ 80 ಡಿಗ್ರಿಯಲ್ಲಿ ಸ್ಥಿರವಾಗಿ ನಿಲ್ಲುವ ಕಾರ್ಡನ್ನು ನೋಡಿ ಗಾಬರಿಯಾಗುವ ಕಾರಣವಿಲ್ಲ.

ಅಳೆಯುವ ರೀತಿ

ಉಷ್ಣತೆಯ ಒಂದೇ ಅಂಕಿಯನ್ನು ನೋಡಿ ಯಾವ ತೀರ್ಮಾನಕ್ಕೂ ಬರಬಾರದು. ಬರೆದಿಟ್ಟುಕೊಳ್ಳಬೇಕಾದ ಅಂಕಿಗಳು ಆರು: ಕೋಣೆಯ ಉಷ್ಣತೆ, ಚಿಪ್ಪಿನ ಉಷ್ಣತೆ, ಹಾಟ್‌ಸ್ಪಾಟ್ ಉಷ್ಣತೆ, ಮೆಮೊರಿಯ ಉಷ್ಣತೆ, ಕಾರ್ಡು ಸೆಳೆಯುತ್ತಿರುವ ವಾಟ್, ಫ್ಯಾನಿನ ನಿಮಿಷಕ್ಕೆ ಸುತ್ತುಗಳ ಸಂಖ್ಯೆ. ಕೋಣೆಯ ಉಷ್ಣತೆಯನ್ನು ಬಿಟ್ಟರೆ ಉಳಿದವನ್ನು ಎಚ್‌ಡಬ್ಲ್ಯುಇನ್ಫೋ ತಂತ್ರಾಂಶ ಒಂದೇ ಕಡೆ ತೋರಿಸುತ್ತದೆ, ಕಡತಕ್ಕೂ ಬರೆದುಕೊಡುತ್ತದೆ. ಎಲ್ಲ ಕಾರ್ಡುಗಳೂ ಎಲ್ಲ ಸೆನ್ಸರುಗಳನ್ನು ತೋರಿಸುವುದಿಲ್ಲ. ತೋರಿಸುವಷ್ಟನ್ನೇ ಇಟ್ಟುಕೊಂಡು ಮುಂದುವರಿಯಬಹುದು.

ಫ್ಯಾನುಗಳನ್ನು ಸ್ವಯಂಚಾಲಿತವಾಗಿ ಬಿಟ್ಟು ಅಳೆದರೆ ದೋಷ ಕಣ್ಣು ತಪ್ಪಿಸುತ್ತದೆ, ಏಕೆಂದರೆ ಕಾರ್ಡು ಬಿಸಿಯಾದಷ್ಟೂ ಫ್ಯಾನುಗಳು ವೇಗ ಹೆಚ್ಚಿಸಿ ಅಂಕಿಯನ್ನು ಅದೇ ಜಾಗದಲ್ಲಿ ಹಿಡಿದಿಡುತ್ತವೆ. ಅಳತೆಯ ಹೊತ್ತಿಗೆ ಮಾತ್ರ ಆಫ್ಟರ್‌ಬರ್ನರಿನಂಥ ತಂತ್ರಾಂಶದಲ್ಲಿ ಫ್ಯಾನಿನ ವೇಗವನ್ನು ನೂರಕ್ಕೆ 70ರಲ್ಲಿ ಸ್ಥಿರಗೊಳಿಸಿ, ಗೇಮಿನ ಒಂದೇ ದೃಶ್ಯದಲ್ಲಿ ಪಾತ್ರವನ್ನು ನಿಲ್ಲಿಸಿ ಅರ್ಧ ಗಂಟೆ ಬಿಡುವುದು ಒಳ್ಳೆಯದು. ಫರ್‌ಮಾರ್ಕಿನಂಥ ಪರೀಕ್ಷಾ ತಂತ್ರಾಂಶಗಳನ್ನು ಇದಕ್ಕೆ ಬಳಸುವುದು ನನಗೆ ಅಷ್ಟು ಸರಿಕಾಣುವುದಿಲ್ಲ. ಅವು ಕಾರ್ಡಿನ ಮೇಲೆ ಹೇರುವ ಹೊರೆ ಗೇಮುಗಳ ಹೊರೆಯಂತಿರುವುದಿಲ್ಲ, ಎಷ್ಟೋ ಸಲ ಡ್ರೈವರೇ ಅವುಗಳಿಗೆ ಕಡಿವಾಣ ಹಾಕುತ್ತದೆ.

ಈ ಅಂಕಿಗಳು ಕೈಗೆ ಬಂದ ಮೇಲೆ ಒಂದು ಸರಳ ಲೆಕ್ಕ ಮಾಡಬಹುದು. ಚಿಪ್ಪಿನ ಉಷ್ಣತೆಯಿಂದ ಕೋಣೆಯ ಉಷ್ಣತೆಯನ್ನು ಕಳೆದು, ಉಳಿದದ್ದನ್ನು ವಾಟಿನಿಂದ ಭಾಗಿಸಬೇಕು. ಕೋಣೆ 28 ಡಿಗ್ರಿ, ಚಿಪ್ಪು 76 ಡಿಗ್ರಿ, ಕಾರ್ಡು 320 ವಾಟ್ ಎಂದಿಟ್ಟುಕೊಂಡರೆ 48ನ್ನು 320ರಿಂದ ಭಾಗಿಸಿದಾಗ ವಾಟಿಗೆ 0.15 ಡಿಗ್ರಿ ಬರುತ್ತದೆ. ಕೆಲವು ತಿಂಗಳ ನಂತರ ಅದೇ ಕೋಣೆಯ ಉಷ್ಣತೆ, ಅದೇ ಫ್ಯಾನ್ ವೇಗ, ಅದೇ 76 ಡಿಗ್ರಿ ಕಂಡರೂ ಕಾರ್ಡು ಈಗ 240 ವಾಟ್ ಮಾತ್ರ ಸೆಳೆಯುತ್ತಿದ್ದರೆ ಉತ್ತರ 0.20 ಆಗುತ್ತದೆ. ಉಷ್ಣತೆಯ ಅಂಕಿ ಬದಲಾಗಿಲ್ಲ, ಆದರೆ ತಂಪುಗೊಳಿಸುವ ಸಾಮರ್ಥ್ಯದಲ್ಲಿ ಕಾಲು ಭಾಗ ಹೋಗಿದೆ. ಹೊಸ ಕಾರ್ಡು ಕೊಂಡ ವಾರದಲ್ಲೇ ಈ ಲೆಕ್ಕವನ್ನು ಬರೆದಿಟ್ಟವರಿಗೆ ಮುಂದೆ ಅರ್ಧ ಕೆಲಸ ಕಡಿಮೆಯಾಗುತ್ತದೆ. ಕೋಣೆ ಹತ್ತು ಡಿಗ್ರಿ ಹೆಚ್ಚು ಬಿಸಿಯಾದರೆ, ಫ್ಯಾನಿನ ವೇಗ ಅಷ್ಟೇ ಇದ್ದಾಗ, ಕಾರ್ಡೂ ಸುಮಾರು ಹತ್ತು ಡಿಗ್ರಿ ಏರುತ್ತದೆ ಎಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ, ಹಾಗಾಗಿ ಬೇಸಗೆಯ ಏರಿಕೆಯನ್ನು ದೋಷವೆಂದು ತಪ್ಪು ತಿಳಿಯುವ ಪ್ರಸಂಗ ಬರುವುದಿಲ್ಲ.

ಏರುವ ಇಳಿಯುವ ಬಗೆಯನ್ನು ಓದುವುದು

ದೋಷದ ಹಂತವನ್ನು ಗುರುತಿಸಲು ಎಷ್ಟು ಬಿಸಿ ಎಂಬುದಕ್ಕಿಂತ ಎಷ್ಟು ಬೇಗ ಬಿಸಿ ಎಂಬುದು ಹೆಚ್ಚು ಉಪಯುಕ್ತ. ಚಿಪ್ಪಿನ ರಾಶಿ ತೀರಾ ಕಡಿಮೆ, ಅದು ಸೆಕೆಂಡುಗಳಲ್ಲಿ ಬಿಸಿಯಾಗಿ ಸೆಕೆಂಡುಗಳಲ್ಲಿ ಆರುತ್ತದೆ. ಕಿಲೋಗ್ರಾಂ ಸಮೀಪದ ಹೀಟ್‌ಸಿಂಕಿಗೆ ಹಲವು ನಿಮಿಷಗಳು ಬೇಕು. ಕ್ಯಾಬಿನೆಟ್ಟಿನ ಗಾಳಿ ಮತ್ತು ಒಳಗಿನ ಲೋಹವೆಲ್ಲ ಸೇರಿ ಒಂದು ಸ್ಥಿರ ಮಟ್ಟಕ್ಕೆ ಬರಲು ಇಪ್ಪತ್ತು ಮೂವತ್ತು ನಿಮಿಷಗಳೇ ಹಿಡಿಯುತ್ತವೆ. ಉಷ್ಣತೆಯ ನಕ್ಷೆಯನ್ನು ಈ ಮೂರು ಕಾಲಮಾನಗಳ ಕಣ್ಣಿನಲ್ಲಿ ನೋಡಿದರೆ ತಡೆ ಎಲ್ಲಿದೆ ಎಂಬುದು ಬಹುಮಟ್ಟಿಗೆ ಹೊರಬೀಳುತ್ತದೆ.

ಎಚ್‌ಡಬ್ಲ್ಯುಇನ್ಫೋದಲ್ಲಿ ಓದುವ ಅಂತರವನ್ನು ಒಂದು ಸೆಕೆಂಡಿಗಿಂತ ಕಡಿಮೆ ಇಟ್ಟು, ಪೂರ್ತಿ ಬಿಸಿಯಾದ ಕಾರ್ಡಿನ ಮೇಲಿನ ಹೊರೆಯನ್ನು ಗೇಮನ್ನು ಮುಚ್ಚುವ ಮೂಲಕ ಒಮ್ಮೆಲೇ ತೆಗೆದು ನೋಡಬೇಕು. ಅಂಕಿ 85ರಿಂದ ಒಂದೆರಡು ಸೆಕೆಂಡಿನಲ್ಲೇ 50ರ ಹತ್ತಿರಕ್ಕೆ ಬಿದ್ದು ಅಲ್ಲಿಂದ ನಿಧಾನವಾಗಿ ಇಳಿಯತೊಡಗಿದರೆ, ಹೀಟ್‌ಸಿಂಕ್ ಇದ್ದದ್ದು 50 ಡಿಗ್ರಿಯ ಆಸುಪಾಸಿನಲ್ಲಿ. ಅಂದರೆ ಉಳಿದ 35 ಡಿಗ್ರಿಯೂ ಚಿಪ್ಪು ಮತ್ತು ಹೀಟ್‌ಸಿಂಕಿನ ನಡುವೆಯೇ ಸಿಕ್ಕಿಕೊಂಡಿತ್ತು, ದೋಷ ಪೇಸ್ಟಿನಲ್ಲಿದೆ ಅಥವಾ ಹೀಟ್‌ಸಿಂಕ್ ಕೂತಿರುವ ರೀತಿಯಲ್ಲಿದೆ. ಅದೇ 85ರಿಂದ ತಟ್ಟನೆ 72ಕ್ಕೆ ಬಂದು ನಂತರ ಆಮೆಗತಿಯಲ್ಲಿ ಇಳಿದರೆ ಹೀಟ್‌ಸಿಂಕೇ ಕುದಿಯುತ್ತಿತ್ತು ಎಂದರ್ಥ, ಪೇಸ್ಟನ್ನು ಮುಟ್ಟುವ ಅಗತ್ಯವಿಲ್ಲ, ಗಾಳಿಯ ಕಡೆಗೆ ಗಮನ ಹರಿಸಬೇಕು. ಹೊರೆ ಶುರುವಾದಾಗಲೂ ಹೀಗೆಯೇ: ಮೊದಲ ಐದು ಸೆಕೆಂಡುಗಳಲ್ಲಿ ಅಂಕಿ ನೆಗೆದು ಮೇಲೆ ಹೋದರೆ ಪೇಸ್ಟು, ಅರ್ಧ ಗಂಟೆಯ ಉದ್ದಕ್ಕೂ ಒಂದೊಂದೇ ಡಿಗ್ರಿ ತೆವಳುತ್ತ ಏರಿದರೆ ಕ್ಯಾಬಿನೆಟ್ಟು.

ಹಾಟ್‌ಸ್ಪಾಟ್ ಅಂಕಿ ಇದಕ್ಕೆ ಇನ್ನೊಂದು ಸಾಕ್ಷಿ. ಚಿಪ್ಪಿನ ಉಷ್ಣತೆಗಿಂತ ಹಾಟ್‌ಸ್ಪಾಟ್ 10ರಿಂದ 20 ಡಿಗ್ರಿ ಹೆಚ್ಚಿರುವುದು ಸಾಮಾನ್ಯ. ಈ ಅಂತರ 30ರ ಗಡಿಗೆ ಬಂದರೆ, ಅದರಲ್ಲೂ ಹಿಂದೆ 15 ಇದ್ದದ್ದು ಈಗ 30 ಆಗಿದ್ದರೆ, ಚಿಪ್ಪಿನ ಯಾವುದೋ ಒಂದು ಮೂಲೆಗೆ ತಟ್ಟೆಯ ಸಂಪರ್ಕ ಸರಿಯಿಲ್ಲ.

ಕ್ಯಾಬಿನೆಟ್ಟಿನ ಗಾಳಿ

ನಕ್ಷೆ ಗಾಳಿಯ ಕಡೆಗೆ ಬೊಟ್ಟು ಮಾಡಿದರೆ ಕ್ಯಾಬಿನೆಟ್ಟಿನ ಪಕ್ಕದ ಫಲಕವನ್ನು ತೆಗೆದು ಅದೇ ದೃಶ್ಯವನ್ನು ಮತ್ತೆ ಓಡಿಸಬೇಕು. ಎರಡು ಮೂರು ಡಿಗ್ರಿ ಇಳಿಯುವುದು ಎಲ್ಲ ಕ್ಯಾಬಿನೆಟ್ಟುಗಳಲ್ಲೂ ಆಗುವಂಥದ್ದೇ. ಏಳೆಂಟು ಡಿಗ್ರಿಗಿಂತ ಹೆಚ್ಚು ಇಳಿದರೆ ಕಾರ್ಡು ನಿರಪರಾಧಿ, ಅದಕ್ಕೆ ಸಿಗುತ್ತಿದ್ದ ಗಾಳಿಯೇ ಬಿಸಿ. ಫಲಕವನ್ನು ಕಾಯಂ ತೆಗೆದಿಡುವುದು ಪರಿಹಾರವಲ್ಲ, ಧೂಳು ಬೇಗ ತುಂಬುತ್ತದೆ.

ಮೊದಲು ಮುಂಭಾಗದ ಫಿಲ್ಟರನ್ನು ತೆಗೆದು ಬೆಳಕಿಗೆ ಹಿಡಿದು ನೋಡಬೇಕು. ನಂತರ ಪ್ರತಿಯೊಂದು ಫ್ಯಾನೂ ಗಾಳಿಯನ್ನು ಯಾವ ಕಡೆಗೆ ತಳ್ಳುತ್ತಿದೆ ಎಂಬುದನ್ನು ಪರೀಕ್ಷಿಸಬೇಕು, ಸಾಮಾನ್ಯವಾಗಿ ಮೋಟಾರನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿಗಳು ಕಾಣುವ ಬದಿಯಿಂದ ಗಾಳಿ ಹೊರಬರುತ್ತದೆ. ಅನುಮಾನವಿದ್ದರೆ ತೆಳುವಾದ ಕಾಗದದ ಚೂರನ್ನು ಹತ್ತಿರ ಹಿಡಿದರೆ ಸಾಕು. ಮುಂಭಾಗದ ಫ್ಯಾನುಗಳು ತಿರುವುಮುರುವಾಗಿ ಕೂತು, ಹಿಂದಿನದೂ ಮೇಲಿನದೂ ಎಲ್ಲವೂ ಗಾಳಿಯನ್ನು ಹೊರಕ್ಕೇ ಎಳೆಯುತ್ತಿರುವ ಕ್ಯಾಬಿನೆಟ್ಟುಗಳು ಅಪರೂಪವೇನಲ್ಲ. ಮುಂಭಾಗ ಪೂರ್ತಿ ಗಾಜಿನದಾಗಿದ್ದು ಗಾಳಿಗೆ ಬದಿಯ ಸಣ್ಣ ಸೀಳುಗಳಷ್ಟೇ ಇದ್ದರೆ ಫ್ಯಾನುಗಳ ಸಂಖ್ಯೆ ಹೆಚ್ಚಿಸಿ ದೊಡ್ಡ ಪ್ರಯೋಜನವಿಲ್ಲ. ನೋಡಲು ಚೆನ್ನಾಗಿರುತ್ತದೆಂದು ಕಾರ್ಡನ್ನು ಲಂಬವಾಗಿ ನಿಲ್ಲಿಸಿದಾಗ ಅದರ ಫ್ಯಾನುಗಳು ಗಾಜಿಗೆ ಒತ್ತಿಕೊಂಡಂತಿದ್ದರೂ ಇದೇ ಕಥೆ, ಉಸಿರಾಡಲು ಜಾಗವಿಲ್ಲ. ಕ್ಯಾಬಿನೆಟ್ಟಿನ ಹಿಂಭಾಗ ಗೋಡೆಗೆ ಅಂಟಿಕೊಂಡಿದ್ದರೆ ಅಥವಾ ಅದನ್ನು ಮೇಜಿನ ಮುಚ್ಚಿದ ಗೂಡಿನೊಳಗೆ ಇಟ್ಟಿದ್ದರೆ, ಹೊರಹೋದ ಬಿಸಿಗಾಳಿಯೇ ಮತ್ತೆ ಒಳಗೆ ಬರುತ್ತದೆ.

ಧೂಳು ಮತ್ತು ಫ್ಯಾನುಗಳು

ಧೂಳಿನ ವಿಷಯ ಚುಟುಕು. ಕಂಪ್ಯೂಟರನ್ನು ಆಫ್ ಮಾಡಿ, ಪ್ಲಗ್ ತೆಗೆದು, ಕಾರ್ಡಿನ ಫ್ಯಾನುಗಳ ಎಲೆಗಳನ್ನು ಬೆರಳಿನಿಂದ ತಿರುಗದಂತೆ ಹಿಡಿದುಕೊಂಡು ರೆಕ್ಕೆಗಳ ನಡುವೆ ಗಾಳಿ ಊದಬೇಕು. ಹಿಡಿಯದೆ ಊದಿದರೆ ಫ್ಯಾನು ತನ್ನ ಮಿತಿ ಮೀರಿದ ವೇಗದಲ್ಲಿ ತಿರುಗಿ ಬೇರಿಂಗು ಹಾಳಾಗಬಹುದು. ಡಬ್ಬಿಯ ಗಾಳಿಯಾದರೆ ಡಬ್ಬಿಯನ್ನು ನೆಟ್ಟಗೆ ಹಿಡಿಯಬೇಕು, ಓರೆಯಾದರೆ ದ್ರವ ಚಿಮ್ಮುತ್ತದೆ.

ಫ್ಯಾನಿನ ದೋಷ ಇದಕ್ಕಿಂತ ಕಪಟಿ. ಮೂರು ಫ್ಯಾನುಗಳಿರುವ ಎಷ್ಟೋ ಕಾರ್ಡುಗಳಲ್ಲಿ ತಂತ್ರಾಂಶಕ್ಕೆ ಕಾಣುವುದು ಒಂದು ಅಥವಾ ಎರಡು ವೇಗದ ಅಂಕಿಗಳು ಮಾತ್ರ, ಆದ್ದರಿಂದ ಒಂದು ಫ್ಯಾನು ನಿಂತೇ ಹೋಗಿದ್ದರೂ ಪರದೆಯ ಮೇಲೆ ಎಲ್ಲವೂ ಸರಿಯಾಗಿರುವಂತೆ ತೋರಬಹುದು. ಹೊರೆಯಿದ್ದಾಗ ಟಾರ್ಚ್ ಹಿಡಿದು ಮೂರೂ ತಿರುಗುತ್ತಿವೆಯೇ ಎಂದು ಕಣ್ಣಾರೆ ನೋಡುವುದನ್ನು ಬಿಟ್ಟು ಬೇರೆ ದಾರಿಯಿಲ್ಲ. ಹೊರೆಯಿಲ್ಲದಾಗ ಮೂರೂ ನಿಂತಿರುವುದು ದೋಷವಲ್ಲ, ಸುಮಾರು 50 ಡಿಗ್ರಿ ದಾಟುವವರೆಗೆ ಫ್ಯಾನುಗಳನ್ನು ನಿಲ್ಲಿಸಿಡುವ ವ್ಯವಸ್ಥೆ ಈಚಿನ ಕಾರ್ಡುಗಳಲ್ಲಿ ಸಾಮಾನ್ಯ. ಆಫ್ ಮಾಡಿದ ಮೇಲೆ ಎಲೆಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿದಾಗ ಅದು ಸರಾಗವಾಗಿ ಕೆಲವು ಸುತ್ತು ತಿರುಗಬೇಕು. ತಳ್ಳಿದಲ್ಲೇ ನಿಂತರೆ ಅಥವಾ ಅಕ್ಕಪಕ್ಕಕ್ಕೆ ಅಲುಗಾಡಿದರೆ ಬೇರಿಂಗು ಸವೆದಿದೆ.

ಯಂತ್ರದಲ್ಲಿ ಎಲ್ಲವೂ ಸರಿಯಿದ್ದು ತಂತ್ರಾಂಶವೇ ಫ್ಯಾನನ್ನು ಕಟ್ಟಿಹಾಕಿರುವುದೂ ಉಂಟು. ಆಫ್ಟರ್‌ಬರ್ನರ್, ಕಾರ್ಡಿನ ತಯಾರಕರ ತಂತ್ರಾಂಶ, ಡ್ರೈವರಿನ ಸ್ವಂತ ಹೊಂದಿಕೆ, ಈ ಮೂರರಲ್ಲಿ ಎರಡು ಏಕಕಾಲಕ್ಕೆ ಫ್ಯಾನಿನ ಮೇಲೆ ಹಕ್ಕು ಸಾಧಿಸಿದರೆ ವೇಗ ಯಾವುದೋ ಒಂದು ಅಂಕಿಯಲ್ಲಿ ಸಿಕ್ಕಿಬೀಳುತ್ತದೆ. ಎಲ್ಲವನ್ನೂ ಮೂಲ ಹೊಂದಿಕೆಗೆ ತಂದು, ಒಂದನ್ನು ಬಿಟ್ಟು ಉಳಿದವನ್ನು ತೆಗೆದುಹಾಕಿದ ಮೇಲೆ ಮತ್ತೆ ಅಳೆಯಬೇಕು.

ಪೇಸ್ಟು, ಪ್ಯಾಡು ಮತ್ತು ಒಳಗಿನ ಸಂಪರ್ಕ

ಇಲ್ಲಿಗೆ ಬರಬೇಕಾದದ್ದು ಹಾಟ್‌ಸ್ಪಾಟ್ ಅಂತರವೂ ಹೊರೆ ತೆಗೆದಾಗಿನ ಕುಸಿತವೂ ಎರಡೂ ಇದನ್ನೇ ಹೇಳಿದಾಗ ಮಾತ್ರ. ಕಾರ್ಡು ಬಿಸಿಯಾಗಿ ಆರುವ ಪ್ರತಿ ಸಲವೂ ಚಿಪ್ಪು ಮತ್ತು ತಟ್ಟೆ ಅತ್ಯಲ್ಪ ಪ್ರಮಾಣದಲ್ಲಿ ಬಾಗಿ ನೆಟ್ಟಗಾಗುತ್ತವೆ. ಆ ಚಲನೆಯಿಂದ ತೆಳುವಾದ ಪೇಸ್ಟು ಕ್ರಮೇಣ ಅಂಚಿನ ಕಡೆಗೆ ಜಾರಿ, ನಡುವೆ ಬರಿ ಲೋಹದಂತೆ ಹೊಳೆಯುವ ಖಾಲಿ ಪಟ್ಟೆಗಳು ಉಳಿಯುತ್ತವೆ. ಹೀಟ್‌ಸಿಂಕ್ ಬಿಚ್ಚಿದಾಗ ಇಂಥ ಪಟ್ಟೆಗಳು ಕಂಡರೆ ರೋಗನಿದಾನ ಸರಿಯಾಯಿತೆಂದೇ ಲೆಕ್ಕ.

ಬಿಚ್ಚುವ ಮೊದಲು ವಾರಂಟಿಯ ಷರತ್ತುಗಳನ್ನು ಓದಬೇಕು, ಅವು ತಯಾರಕರಿಂದ ತಯಾರಕರಿಗೆ ಬೇರೆಯಾಗುತ್ತವೆ. ಕಾರ್ಡನ್ನು ಹತ್ತು ನಿಮಿಷ ಹೊರೆಯಲ್ಲಿಟ್ಟು, ಆಫ್ ಮಾಡಿ, ಬೆಚ್ಚಗಿರುವಾಗಲೇ ಬಿಚ್ಚಿದರೆ, ಮೆಮೊರಿಯಂಥ ಭಾಗಗಳ ಶಾಖವನ್ನು ಹೀಟ್‌ಸಿಂಕಿಗೆ ದಾಟಿಸುವ ಮೆತ್ತನೆಯ ಪ್ಯಾಡುಗಳು ಹರಿಯದೆ ಬಿಟ್ಟುಕೊಡುತ್ತವೆ. ಹೀಟ್‌ಸಿಂಕನ್ನು ನೇರವಾಗಿ ಎತ್ತಿ ಎಳೆಯಬಾರದು. ಫ್ಯಾನಿನ ಮತ್ತು ದೀಪಗಳ ವೈರುಗಳು ತೀರಾ ಗಿಡ್ಡವಾಗಿರುತ್ತವೆ, ಪುಸ್ತಕ ತೆರೆದಂತೆ ಒಂದು ಬದಿಯಿಂದ ಮೆಲ್ಲಗೆ ತೆರೆದು ಕನೆಕ್ಟರುಗಳನ್ನು ಬಿಡಿಸಬೇಕು. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೂಲು ಬಿಡದ ಬಟ್ಟೆಯಿಂದ ಒರೆಸುವಾಗ ಚಿಪ್ಪಿನ ಸುತ್ತಲಿನ ಸಾಸಿವೆ ಕಾಳಿನಷ್ಟು ಚಿಕ್ಕ ಕೆಪಾಸಿಟರುಗಳಿಗೆ ಬಲ ತಾಗದಂತೆ ನೋಡಿಕೊಳ್ಳಬೇಕು.

ಪ್ರೊಸೆಸರಿನ ಮೇಲೆ ಹಾಕುವಂತೆ ನಡುವೆ ಒಂದು ಬೊಟ್ಟು ಇಟ್ಟು ಬಿಡುವ ಪದ್ಧತಿ ಇಲ್ಲಿ ಸಾಲದು. ಗ್ರಾಫಿಕ್ಸ್ ಚಿಪ್ಪಿನ ಮೇಲೆ ಲೋಹದ ಮುಚ್ಚಳವಿರುವುದಿಲ್ಲ, ಮೂಲೆ ಮೂಲೆಯೂ ಪೇಸ್ಟಿನಿಂದ ಮುಚ್ಚಬೇಕು. ಗಟ್ಟಿಯಾದ ಪೇಸ್ಟು ಬೇಗ ಜಾರುವುದಿಲ್ಲ. ಹನಿವೆಲ್ಲಿನ ಪಿಟಿಎಂ 7950 ಎಂಬ, ಬಿಸಿಗೆ ಮೃದುವಾಗಿ ಹರಡಿಕೊಳ್ಳುವ ಹಾಳೆ ಈ ಕೆಲಸಕ್ಕೆ ಪೇಸ್ಟಿಗಿಂತ ಹೆಚ್ಚು ಬಾಳಿಕೆ ಬರುತ್ತದೆ. ಲಿಕ್ವಿಡ್ ಮೆಟಲ್ ಮಾತ್ರ ಬೇಡ: ಅದು ವಿದ್ಯುತ್ ಹರಿಸುತ್ತದೆ, ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಮನ್ನು ತಿಂದುಹಾಕುತ್ತದೆ. ಚಿಪ್ಪಿನ ಸುತ್ತಲಿನ ನಾಲ್ಕು ಸ್ಕ್ರೂಗಳನ್ನು ಎದುರುಬದುರಿನ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು, ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ತಟ್ಟೆ ಓರೆಯಾಗುತ್ತದೆ.

ಮೆಮೊರಿಯ ಕಥೆ ಬೇರೆ. ಜಿಡಿಡಿಆರ್6ಎಕ್ಸ್ ಮೆಮೊರಿಯಿರುವ ಆರ್‌ಟಿಎಕ್ಸ್ 3080, 3090ರಂಥ ಕಾರ್ಡುಗಳಲ್ಲಿ ಚಿಪ್ಪು 70 ಡಿಗ್ರಿಯಲ್ಲಿ ಹಾಯಾಗಿದ್ದರೂ ಮೆಮೊರಿ 110 ಡಿಗ್ರಿಯ ಹತ್ತಿರಕ್ಕೆ ಹೋಗಿ ಕಾರ್ಡಿನ ವೇಗ ಕುಸಿಯಬಹುದು. 3090ರಲ್ಲಿ ಒಟ್ಟು 24 ಮೆಮೊರಿ ಚಿಪ್ಪುಗಳಲ್ಲಿ ಅರ್ಧದಷ್ಟು ಬೋರ್ಡಿನ ಹಿಂಬದಿಯಲ್ಲಿವೆ, ಹೀಟ್‌ಸಿಂಕಿನ ತಂಪು ಅಲ್ಲಿಗೆ ತಲುಪುವುದಿಲ್ಲ, ಹಿಂಬದಿಯ ಲೋಹದ ಹಲಗೆಯೇ ಗತಿ. ಆ ಹಲಗೆಯ ಮೇಲೆ ಗಾಳಿ ಹಾಯುವಂತೆ ಒಂದು ಫ್ಯಾನನ್ನು ನಿಲ್ಲಿಸಿದಾಗ ಮೆಮೊರಿಯ ಅಂಕಿ ಇಳಿದರೆ ದೋಷ ಅಲ್ಲೇ ಇದೆ ಎಂದು ತಿಳಿಯಬಹುದು, ಕಾರ್ಡನ್ನು ಬಿಚ್ಚುವ ಮೊದಲೇ. ಪ್ಯಾಡುಗಳನ್ನು ಬದಲಿಸುವುದಾದರೆ ದಪ್ಪವನ್ನು ಊಹಿಸಬಾರದು. ಒಂದು ಮಿಲಿಮೀಟರ್ ಇರಬೇಕಾದಲ್ಲಿ ಒಂದೂವರೆಯದನ್ನು ಹಾಕಿದರೆ ಆ ಅರ್ಧ ಮಿಲಿಮೀಟರು ತಟ್ಟೆಯನ್ನು ಚಿಪ್ಪಿನಿಂದ ಎತ್ತಿಹಿಡಿಯುತ್ತದೆ. ಹೊಸ ಪೇಸ್ಟು ಹಾಕಿದ ಮೇಲೆ ಹಾಟ್‌ಸ್ಪಾಟ್ ಮೊದಲಿಗಿಂತಲೂ ಕೆಟ್ಟಿತು ಎಂದು ದೂರುವವರಲ್ಲಿ ಬಹುಮಂದಿಯ ತೊಂದರೆ ಇದೇ. ಕಾರ್ಡನ್ನು ಮತ್ತೆ ತೆರೆದು ಪೇಸ್ಟಿನ ಅಚ್ಚನ್ನು ನೋಡಿದರೆ, ಒಂದು ಬದಿಯಲ್ಲಿ ಅದು ಒತ್ತಲ್ಪಡದೆ ದಪ್ಪವಾಗಿಯೇ ಉಳಿದಿರುವುದು ಕಾಣುತ್ತದೆ.

ಶಾಖವನ್ನೇ ಕಡಿಮೆ ಮಾಡುವುದು

ದಾರಿಯ ತಡೆಗಳನ್ನು ತೆಗೆದ ನಂತರವೂ ಕಾರ್ಡು ಬೇಕಾದ್ದಕ್ಕಿಂತ ಬಿಸಿಯಿದ್ದರೆ ಮೂಲದಲ್ಲೇ ಶಾಖವನ್ನು ತಗ್ಗಿಸಬಹುದು. ಇದನ್ನು ಮೊದಲೇ ಮಾಡಿಬಿಟ್ಟರೆ ದೋಷ ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ, ಹಾಗಾಗಿ ಇದಕ್ಕೆ ಇಲ್ಲಿ ಜಾಗ.

ಗೇಮಿನ ಮೆನುವಿನಲ್ಲಿ ಸುಮ್ಮನೆ ಕೂತಿರುವಾಗಲೂ ಕಾರ್ಡು ಸೆಕೆಂಡಿಗೆ ನೂರಾರು ಫ್ರೇಮುಗಳನ್ನು ವ್ಯರ್ಥವಾಗಿ ಚಿತ್ರಿಸುತ್ತಿರಬಹುದು. ಮಾನಿಟರ್ 144 ಹರ್ಟ್ಸ್‌ನದಾದರೆ ಡ್ರೈವರಿನಲ್ಲಿ ಫ್ರೇಮುಗಳಿಗೆ ಅದರ ಆಸುಪಾಸಿನ ಮಿತಿ ಹಾಕುವುದರಿಂದ ಕಳೆದುಕೊಳ್ಳುವುದು ಬಹಳ ಕಡಿಮೆ. ಎರಡನೆಯದು ವಿದ್ಯುತ್ ಮಿತಿ. ಚಿಪ್ಪಿನ ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಕೊನೆಯ ಕೆಲವು ಮೆಗಾಹರ್ಟ್ಸುಗಳಿಗೆ ತೆರುವ ಬೆಲೆ ವಿಪರೀತ. ಮಿತಿಯನ್ನು ನೂರಕ್ಕೆ 80ಕ್ಕೆ ಇಳಿಸಿದಾಗ ಶಾಖ ಐದನೇ ಒಂದು ಭಾಗ ಕಡಿಮೆಯಾಗುತ್ತದೆ, ಫ್ರೇಮುಗಳಲ್ಲಿ ಆಗುವ ನಷ್ಟ ಹೆಚ್ಚಿನ ಕಾರ್ಡುಗಳಲ್ಲಿ ಅದಕ್ಕಿಂತ ತುಂಬಾ ಚಿಕ್ಕದು. ಅಂಡರ್‌ವೋಲ್ಟಿಂಗಿನಿಂದ, ಅಂದರೆ ಚಿಪ್ಪಿಗೆ ಕೊಡುವ ವೋಲ್ಟೇಜನ್ನು ತಗ್ಗಿಸುವುದರಿಂದ, ಇನ್ನೂ ಉತ್ತಮ ಫಲ ಸಿಗುತ್ತದೆ, ಆದರೆ ಪ್ರತಿ ಚಿಪ್ಪಿನ ಸಾಮರ್ಥ್ಯ ಬೇರೆಯಾದ್ದರಿಂದ ಇನ್ನೊಬ್ಬರ ಅಂಕಿಯನ್ನು ನಕಲು ಮಾಡದೆ, ವೋಲ್ಟೇಜನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಪ್ರತಿ ಸಲವೂ ತಾಸುಗಟ್ಟಲೆ ಆಡಿ ನೋಡಬೇಕಾಗುತ್ತದೆ.

ಕೈಯಿಂದ ಸರಿಪಡಿಸಲಾಗದ ದೋಷ

ಹೀಟ್‌ಪೈಪು ಅಥವಾ ವೇಪರ್ ಚೇಂಬರಿನ (ಹೀಟ್‌ಪೈಪಿನ ತತ್ವದಲ್ಲೇ ಕೆಲಸ ಮಾಡುವ ಚಪ್ಪಟೆ ಲೋಹದ ಕೋಶ) ಒಳಗಿನ ದ್ರವವೇ ಕಡಿಮೆಯಿದ್ದರೆ ಪೇಸ್ಟು, ಫ್ಯಾನು, ಕ್ಯಾಬಿನೆಟ್ಟು ಯಾವುದನ್ನು ಬದಲಿಸಿದರೂ ಅಂಕಿ ಕದಲುವುದಿಲ್ಲ. 2022ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಎಎಂಡಿ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್‌ನ ಮೂಲ ವಿನ್ಯಾಸದ ಕೆಲವು ಕಾರ್ಡುಗಳಲ್ಲಿ ಇದೇ ಆಗಿತ್ತು, ವೇಪರ್ ಚೇಂಬರಿನಲ್ಲಿ ಸಾಕಷ್ಟು ನೀರಿಲ್ಲದ್ದೇ ಕಾರಣವೆಂದು 2023ರ ಜನವರಿಯಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಹಾಟ್‌ಸ್ಪಾಟ್ 110ಕ್ಕೆ ಹೋಗಿ ನಿಲ್ಲುವುದು, ಚಿಪ್ಪಿನ ಉಷ್ಣತೆಯೊಂದಿಗೆ ಅದರ ಅಂತರ ವಿಪರೀತವಾಗಿರುವುದು, ಕ್ಯಾಬಿನೆಟ್ಟನ್ನು ಮಲಗಿಸಿ ಕಾರ್ಡಿನ ಭಂಗಿ ಬದಲಿಸಿದಾಗ ಅಂಕಿಗಳು ಗಣನೀಯವಾಗಿ ಬೇರೆಯಾಗುವುದು, ಇವು ಈ ದೋಷದ ಗುರುತುಗಳು. ಇಂಥ ಕಾರ್ಡನ್ನು ಬಿಚ್ಚದೆಯೇ ವಾರಂಟಿಗೆ ಕಳಿಸುವುದು ಸರಿ. ಕಳಿಸುವಾಗ ಕೋಣೆಯ ಉಷ್ಣತೆ, ವಾಟ್, ಫ್ಯಾನಿನ ವೇಗ, ಹಾಟ್‌ಸ್ಪಾಟ್ ಎಲ್ಲವೂ ದಾಖಲಾದ ಅರ್ಧ ಗಂಟೆಯ ಕಡತವನ್ನು ಜೊತೆಗಿಟ್ಟರೆ, ಕಾರ್ಡು ಬಿಸಿಯಾಗುತ್ತಿದೆ ಎಂಬ ಬರಿಯ ದೂರಿಗಿಂತ ಅದಕ್ಕೆ ಹೆಚ್ಚು ತೂಕವಿರುತ್ತದೆ.